ಹಳೆಯ ಕಂಪ್ಯೂಟರಿಗೆ ಇನ್ನೂ ಆಯುಸ್ಸುಂಟು

2025ನೆಯ ಇಸವಿ ಅಕ್ಟೋಬರ್ ತಿಂಗಳ 14ನೆಯ ತಾರೀಖಿನಂದು ಜಗತ್ತಿನ ಕೋಟ್ಯಂತರ ಕಂಪ್ಯೂಟರುಗಳ ಕಾವಲುಗಾರನು ಸದ್ದಿಲ್ಲದೆ ಕೆಲಸ ಬಿಟ್ಟನು. ಮೈಕ್ರೋಸಾಫ್ಟ್ ಸಂಸ್ಥೆಯು 2015ರಲ್ಲಿ ಹೊರತಂದಿದ್ದ ವಿಂಡೋಸ್ 10ಕ್ಕೆ ಉಚಿತವಾಗಿ ಒದಗಿಸುತ್ತ ಬಂದಿದ್ದ ರಕ್ಷಣೆಯ ತಿದ್ದುಪಡಿಗಳು ಅಂದಿಗೆ ಮುಗಿದವು. ಮರುದಿನ ಬೆಳಿಗ್ಗೆ ಗುಂಡಿ ಒತ್ತಿದವರಿಗೆ ಯಾವ ವ್ಯತ್ಯಾಸವೂ ಕಾಣಲಿಲ್ಲ. ಪರದೆ ಎಂದಿನಂತೆಯೇ ಬೆಳಗಿತು; ಎಂದಿನಂತೆಯೇ ತಡವಾಗಿ ಬೆಳಗಿತು ಎಂದರೂ ಸಲ್ಲುತ್ತದೆ.

ಹೊಸದಾದ ವಿಂಡೋಸ್ 11ಕ್ಕೆ ಏರಿಬಿಡೋಣವೆಂದರೆ ಎಲ್ಲ ಯಂತ್ರಗಳಿಗೂ ಅಲ್ಲಿ ಪ್ರವೇಶವಿಲ್ಲ. ಟಿ.ಪಿ.ಎಂ. 2.0 ಎಂಬ ರಕ್ಷಣಾ ವ್ಯವಸ್ಥೆ ಯಂತ್ರದೊಳಗೆ ಇರಬೇಕು; ಪ್ರೊಸೆಸರು ಇಂಟೆಲ್ ಸಂಸ್ಥೆಯದಾದರೆ, ಒಂದೆರಡು ಅಪವಾದಗಳನ್ನು ಬಿಟ್ಟು, ಎಂಟನೆಯ ಪೀಳಿಗೆಯದೋ ಅದಕ್ಕಿಂತ ಈಚಿನದೋ ಆಗಿರಬೇಕು. ಆ ಪೀಳಿಗೆ ಮಾರುಕಟ್ಟೆಗೆ ಬಂದದ್ದು 2017ರಲ್ಲಿ. ಹೀಗಾಗಿ 2014ರಲ್ಲೋ 2015ರಲ್ಲೋ ಸಾಲ ಮಾಡಿ ಕೊಂಡು, ಮಕ್ಕಳ ಓದಿಗೂ ಹಿರಿಯರ ಬರವಣಿಗೆಗೂ ದುಡಿದ ಯಂತ್ರವೊಂದು, ಕೀಲಿಗಳು ಗಟ್ಟಿಯಾಗಿದ್ದರೂ, ಪರದೆ ನಿಚ್ಚಳವಾಗಿದ್ದರೂ, ಒಮ್ಮೆಗೇ ಅನರ್ಹರ ಪಟ್ಟಿಗೆ ಸೇರಿತು.

ಅಂಗಡಿಯವನನ್ನು ಕೇಳಿದರೆ ಹೊಸದನ್ನು ಕೊಳ್ಳಿರೆನ್ನುತ್ತಾನೆ. ಅವನ ಧರ್ಮ ಅದು. ಮನೆಯವರನ್ನು ಕೇಳಿದರೆ ಗುಜರಿಗೆ ಹಾಕಿ ಮೂಲೆ ಖಾಲಿ ಮಾಡಿರೆನ್ನುತ್ತಾರೆ. ಯಂತ್ರವನ್ನು ಮಾತ್ರ ಯಾರೂ ಕೇಳುವುದಿಲ್ಲ. ಕೇಳಬಲ್ಲವರಿಗೆ ಅದು ತನ್ನ ಕಾಯಿಲೆಯನ್ನು ತಾನೇ ಹೇಳುತ್ತದೆ. ಆ ಕಾಯಿಲೆ ಬಹುಮಟ್ಟಿಗೆ ಮುಪ್ಪಿನದಲ್ಲ.

ಉಗ್ರಾಣಕ್ಕೆ ಹೋದ ಹುಡುಗ

ಕೀಲಿಮಣೆಯ ಮೇಲೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಎಂಬ ಮೂರು ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ವಿಂಡೋಸ್‌ನಲ್ಲಿ ಟಾಸ್ಕ್ ಮ್ಯಾನೇಜರ್ ಎಂಬ ಕಿಟಕಿ ತೆರೆಯುತ್ತದೆ. ವೈದ್ಯನಿಗೆ ನಾಡಿ ಹೇಗೋ ಇಲ್ಲಿ ಇದು ಹಾಗೆ. ಯಂತ್ರ ತೆವಳುತ್ತಿರುವ ಹೊತ್ತಿನಲ್ಲಿ ಇದನ್ನು ತೆರೆದು ನೋಡಿದರೆ ಹತ್ತರಲ್ಲಿ ಎಂಟು ಹಳೆಯ ಯಂತ್ರಗಳಲ್ಲಿ ಒಂದೇ ನೋಟ ಕಾಣುವುದುಂಟು: ಪ್ರೊಸೆಸರಿನ ಕೆಲಸ ನೂರಕ್ಕೆ ಹತ್ತೋ ಇಪ್ಪತ್ತೋ ಇರುತ್ತದೆ, ಡಿಸ್ಕಿನ ಕೆಲಸ ಮಾತ್ರ ನೂರಕ್ಕೆ ನೂರು. ಒಲೆ ಉರಿಯುತ್ತಿದೆ, ಅಡಿಗೆಯವನು ಸೌಟು ಹಿಡಿದು ನಿಂತಿದ್ದಾನೆ. ಉಗ್ರಾಣಕ್ಕೆ ಹೋದ ಹುಡುಗ ಮಾತ್ರ ಒಂದು ಸಲಕ್ಕೆ ಒಂದು ಸಾಸಿವೆ ಕಾಳು ತರುತ್ತಿದ್ದಾನೆ. ಊಟ ತಡವಾಯಿತೆಂದು ಬೈಸಿಕೊಳ್ಳುವವನು ಅಡಿಗೆಯವನು!

ಆ ಹುಡುಗನೇ ಹಾರ್ಡ್ ಡಿಸ್ಕು. ಇದರ ವಂಶ ದೊಡ್ಡದು. ಐ.ಬಿ.ಎಂ. ಸಂಸ್ಥೆ 1956ರಲ್ಲಿ ರಾಮಾಕ್ ಎಂಬ ಯಂತ್ರದೊಡನೆ ಹೊರತಂದ ಮೊದಲ ಡಿಸ್ಕಿನಲ್ಲಿ ಎರಡಡಿ ಅಗಲದ ಐವತ್ತು ತಟ್ಟೆಗಳು ಒಂದೇ ಅಚ್ಚಿನ ಮೇಲೆ ತಿರುಗುತ್ತಿದ್ದವು. ತೂಕ ಒಂದು ಟನ್ನಿಗೂ ಮಿಗಿಲು. ಹಿಡಿಸುತ್ತಿದ್ದುದು ಐವತ್ತು ಲಕ್ಷ ಅಕ್ಷರಗಳು. ಇಂದಿನ ಜೇಬು ದೂರವಾಣಿಯ ಒಂದೆರಡು ಛಾಯಾಚಿತ್ರಗಳಿಗೆ ಅಷ್ಟು ಜಾಗ ಸಾಲದು. ಕಾಲಕ್ರಮದಲ್ಲಿ ತಟ್ಟೆ ಅಂಗೈಯಗಲಕ್ಕೆ ಕುಗ್ಗಿತು, ಹಿಡಿತ ಲಕ್ಷಪಟ್ಟು ಹಿಗ್ಗಿತು. ತತ್ತ್ವ ಮಾತ್ರ ಬದಲಾಗಲಿಲ್ಲ. ತಟ್ಟೆ ತಿರುಗಬೇಕು, ಅದರ ಮೇಲೊಂದು ತೋಳು ಆಡಬೇಕು, ಬೇಕಾದ ಜಾಗ ತೋಳಿನಡಿಗೆ ಬರುವವರೆಗೆ ಕಾಯಬೇಕು.

ಮನೆಯ ಕಂಪ್ಯೂಟರಿನ ತಟ್ಟೆ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತದೆ. ಕೇಳಲು ಇದು ಮಹಾವೇಗವೇ. ಆದರೆ 7200 ಸುತ್ತಿನ ಲೆಕ್ಕದಲ್ಲಿಯೂ ಒಂದು ಸುತ್ತಿಗೆ ಸೆಕೆಂಡಿನ ಸಾವಿರದಲ್ಲಿ ಎಂಟು ಭಾಗದಷ್ಟು ಕಾಲ ಹಿಡಿಯುತ್ತದೆ. ತೋಳಿನ ಓಡಾಟ ಬೇರೆ. ಒಟ್ಟಿನಲ್ಲಿ ಅಲ್ಲೊಂದು ಇಲ್ಲೊಂದು ಚದುರಿಬಿದ್ದ ಕಡತಗಳನ್ನು ಹೆಕ್ಕಬೇಕಾದಾಗ ಸೆಕೆಂಡಿಗೆ ನೂರರ ಆಸುಪಾಸು ಮಾತ್ರ ಸಾಧ್ಯ. ಯಂತ್ರವು ಎಚ್ಚರಗೊಳ್ಳುವಾಗ ಓದಬೇಕಾದ ಚೂರುಪಾರು ಕಡತಗಳು ಸಾವಿರಾರು. ಎರಡು ಮೂರು ನಿಮಿಷ ಹಿಡಿದರೆ ಆಶ್ಚರ್ಯವೇನು?

ಇದಕ್ಕೆ ಮದ್ದು ಎಸ್.ಎಸ್.ಡಿ. ಇದರಲ್ಲಿ ತಟ್ಟೆಯಿಲ್ಲ, ತೋಳಿಲ್ಲ, ಬರಿಯ ಚಿಪ್ಪುಗಳು. ಯಾವ ಮೂಲೆಯ ಕಡತವಾದರೂ ಸೆಕೆಂಡಿನ ಹತ್ತು ಸಾವಿರದಲ್ಲಿ ಒಂದು ಭಾಗದ ಸುಮಾರಿಗೆ ಕೈಗೆ ಬರುತ್ತದೆ. ಎರಡೂವರೆ ಅಂಗುಲದ, ಸಾಟಾ ಜೋಡಣೆಯ ಎಸ್.ಎಸ್.ಡಿ.ಯು ಹಳೆಯ ಲ್ಯಾಪ್‌ಟಾಪಿನಲ್ಲಿ ಹಾರ್ಡ್ ಡಿಸ್ಕು ಕೂತಿದ್ದ ಗೂಡಿನಲ್ಲಿಯೇ ಕೂರುತ್ತದೆ. ಬಿಚ್ಚಬೇಕಾದ ತಿರುಪುಗಳನ್ನು ಬೆರಳೆಣಿಕೆಯಲ್ಲಿ ಎಣಿಸಬಹುದು. ಇದೊಂದನ್ನು ಬದಲಿಸಿದ ಮಾತ್ರಕ್ಕೆ ಹತ್ತು ವರ್ಷದ ಯಂತ್ರ ಅರ್ಧ ನಿಮಿಷದೊಳಗೆ ಎದ್ದು ಕೂರುವುದನ್ನು ಕಂಡವರು, ಯಂತ್ರವನ್ನೇ ಬದಲಿಸಿದಿರಾ ಎಂದು ಕೇಳುವುದುಂಟು.

ಅದೇ ಕಿಟಕಿಯಲ್ಲಿ ಸ್ಮೃತಿಯ ಕಾಲಮು ಸದಾ ನೂರಕ್ಕೆ ತೊಂಬತ್ತರ ಬಳಿ ನಿಂತಿದ್ದರೆ ರ‍್ಯಾಮ್ ಸಾಲದು ಎಂದರ್ಥ. ಸಾಲದಾದಾಗ ಯಂತ್ರವು ಡಿಸ್ಕನ್ನೇ ಕೈಸಾಲವಾಗಿ ಬಳಸುತ್ತದೆ. ಮೊದಲೇ ಬಳಲಿದ ಹುಡುಗನ ತಲೆಯ ಮೇಲೆ ಇನ್ನೊಂದು ಮೂಟೆ. 4 ಜಿ.ಬಿ. ಇದ್ದಲ್ಲಿ 8 ಆದರೆ ಸಾಮಾನ್ಯ ಮನೆಯ ಕೆಲಸಕ್ಕೆ ನೆಮ್ಮದಿ. ಆದರೆ ಡಿ.ಡಿ.ಆರ್. 3 ಎಂಬ ಬಗೆಯದು ಡಿ.ಡಿ.ಆರ್. 4ರ ಜಾಗದಲ್ಲಿ ಕೂರುವುದಿಲ್ಲ, ಗಾಳಿಯ ಕಚ್ಚು ಬೇರೆ ಕಡೆ ಇರುತ್ತದೆ ಎಂಬಂತೆ ಪಟ್ಟಿಯ ಅಂಚಿನ ಕಚ್ಚೇ ಬೇರೆ ಕಡೆ ಇರುತ್ತದೆ. ಲ್ಯಾಪ್‌ಟಾಪಿನದು ಇನ್ನೂ ಗಿಡ್ಡ. ಹಳೆಯ ಪಟ್ಟಿಯನ್ನೇ ಕೈಯಲ್ಲಿ ಹಿಡಿದುಕೊಂಡು ಹೋಗಿ ತೋರಿಸಿ ಕೊಳ್ಳುವುದು ಲೇಸು. ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆ, ಎಂದರೆ ಎಲ್ಲರ ಬಾಯಲ್ಲಿರುವ ಎಸ್.ಪಿ. ರೋಡು, ಇಂಥ ಹುಡುಕಾಟಕ್ಕೆ ಹೆಸರಾದ ಸ್ಥಳ. ಕೆಲವು ತೆಳು ಲ್ಯಾಪ್‌ಟಾಪುಗಳಲ್ಲಿ ರ‍್ಯಾಮನ್ನು ಬೆಸುಗೆ ಹಾಕಿಬಿಟ್ಟಿರುತ್ತಾರೆ. ಅಲ್ಲಿ ಏನೂ ಮಾಡಲಾಗದು. ಇನ್ನೊಂದು ಮಾತು: ಒಳಗಿರುವ ವಿಂಡೋಸ್ 32 ಬಿಟ್ಟಿನದಾದರೆ 4 ಜಿ.ಬಿ.ಗಿಂತ ಹೆಚ್ಚಿನದನ್ನು ಹಾಕಿಯೂ ಫಲವಿಲ್ಲ.

ಧೂಳು, ಬಿಸಿ ಮತ್ತು ಮೂರು ವೋಲ್ಟಿನ ಬಿಲ್ಲೆ

ಪ್ರೊಸೆಸರು ಕಾದರೆ ತನ್ನನ್ನು ತಾನು ಉಳಿಸಿಕೊಳ್ಳಲು ವೇಗವನ್ನು ಇಳಿಸಿಕೊಳ್ಳುತ್ತದೆ. ರಾಯಚೂರು, ಕಲಬುರಗಿಗಳ ಬೇಸಗೆಯಲ್ಲಿ ಮಧ್ಯಾಹ್ನಕ್ಕೆ ಯಂತ್ರ ಮಂಕಾಗಿ ರಾತ್ರಿ ಚುರುಕಾಗುವುದಾದರೆ ಕಾರಣ ಹುಡುಕಲು ದೂರ ಹೋಗಬೇಕಾಗಿಲ್ಲ. ಫ್ಯಾನಿನ ಹಿಂದಿನ ಲೋಹದ ಹಲ್ಲುಗಳ ನಡುವೆ ವರ್ಷಗಳ ಧೂಳು ಕಂಬಳಿಯಂತೆ ಹೆಪ್ಪುಗಟ್ಟಿರುತ್ತದೆ. ವಿದ್ಯುತ್ತಿನ ತಂತಿಯನ್ನು ಕಿತ್ತು, ಫ್ಯಾನು ಗಿರಗಿರನೆ ತಿರುಗದಂತೆ ಬೆರಳಿನಿಂದ ತಡೆದು, ಮೆತ್ತನೆಯ ಕುಂಚದಿಂದಲೂ ಊದುವ ಯಂತ್ರದಿಂದಲೂ ಅದನ್ನು ತೆಗೆಯಬೇಕು. ಪ್ರೊಸೆಸರಿಗೂ ಲೋಹಕ್ಕೂ ನಡುವೆ ಹಚ್ಚಿರುವ ಶಾಖವಾಹಕ ಲೇಪ ಒಣಗಿ ಸುಣ್ಣದಂತಾಗಿದ್ದರೆ ಹಳೆಯದನ್ನು ಒರೆಸಿ ಕಡಲೆ ಕಾಳಿಗಿಂತ ಚಿಕ್ಕ ಹನಿಯೊಂದನ್ನು ಇಡಬೇಕು. ಬಹಳ ಹಚ್ಚಿದರೆ ಬಹಳ ತಂಪಾಗುತ್ತದೆಂಬುದು ತಪ್ಪು ತಿಳಿವಳಿಕೆ. ಲ್ಯಾಪ್‌ಟಾಪಿನ ಬ್ಯಾಟರಿ ಉಬ್ಬಿರುವುದು ಕಂಡರೆ ಅದನ್ನು ಒತ್ತಬಾರದು, ಚುಚ್ಚಬಾರದು. ಆ ಕ್ಷಣವೇ ಬಳಕೆ ನಿಲ್ಲಿಸಿ ಬಲ್ಲವರಿಂದ ತೆಗೆಸಬೇಕು.

ಇನ್ನೊಂದು ವಿಚಿತ್ರವಾದ ಕಾಯಿಲೆಯುಂಟು. ಇದ್ದಕ್ಕಿದ್ದಂತೆ ಬ್ಯಾಂಕಿನ ತಾಣವೂ ತೆರೆಯದು, ಅಂಚೆಯ ತಾಣವೂ ತೆರೆಯದು. ಸಂಪರ್ಕ ಸುರಕ್ಷಿತವಲ್ಲವೆಂಬ ಎಚ್ಚರಿಕೆ. ಮನೆಮಂದಿಯೆಲ್ಲ ವೈರಸ್ ಹೊಕ್ಕಿತೆಂದು ಕಂಗಾಲು. ಪರದೆಯ ಮೂಲೆಯ ತಾರೀಖನ್ನು ನೋಡಿದರೆ ಎಷ್ಟೋ ವರ್ಷ ಹಿಂದಕ್ಕೆ ಸರಿದಿರುತ್ತದೆ! ಮದರ್‌ಬೋರ್ಡಿನ ಮೇಲೆ ಎಂಟಾಣೆ ಬಿಲ್ಲೆಯಂತಿರುವ, ಸಿ.ಆರ್. 2032 ಎಂಬ ಮೂರು ವೋಲ್ಟಿನ ಬ್ಯಾಟರಿ ತೀರಿಹೋಗಿ, ಯಂತ್ರವು ಕಾಲಜ್ಞಾನವನ್ನು ಕಳೆದುಕೊಂಡಿರುತ್ತದೆ. ತಾಣಗಳ ಪ್ರಮಾಣಪತ್ರಗಳಿಗೆ ಅವಧಿಯುಂಟು; ಇಂದು ಯಾವ ದಿನವೆಂಬುದನ್ನೇ ಅರಿಯದ ಯಂತ್ರಕ್ಕೆ ಅವೆಲ್ಲ ಸುಳ್ಳಾಗಿ ತೋರುತ್ತವೆ. ಗಡಿಯಾರದ ಅಂಗಡಿಯಲ್ಲಿ ಅಗ್ಗವಾಗಿ ಸಿಗುವ ಬಿಲ್ಲೆಯೊಂದರಿಂದ ಗುಣವಾಗುವ ಈ ರೋಗಕ್ಕೆ ಇಡೀ ಯಂತ್ರವನ್ನು ಬಿಸಾಡಿದವರೂ ಉಂಟು.

ಶುದ್ಧಿ ಮಾಡುವವರ ಮೈಲಿಗೆ

ಹಳೆಯ ಕಂಪ್ಯೂಟರ್ ಇರುವಲ್ಲಿಗೆ ‘ಒಂದೇ ಒತ್ತಿಗೆ ವೇಗ ಇಮ್ಮಡಿ’ ಎಂದು ಕೂಗುತ್ತ ಬರುವ ತಂತ್ರಾಂಶಗಳಿಗೆ ಬರವಿಲ್ಲ. ಜಾತ್ರೆಯಲ್ಲಿ ಸರ್ವರೋಗಕ್ಕೂ ಒಂದೇ ಗುಳಿಗೆ ಮಾರುವವರ ಸಂತತಿ ಇದು. ವಿಂಡೋಸ್‌ನ ರಿಜಿಸ್ಟ್ರಿಯನ್ನು ತೊಳೆಯುವುದಾಗಿ ಹೇಳುವ ಇಂಥವುಗಳಿಂದ ವೇಗವೂ ಹೆಚ್ಚುವುದಿಲ್ಲ. ಅವುಗಳ ಬಳಕೆಯನ್ನು ಮೈಕ್ರೋಸಾಫ್ಟ್ ಸಂಸ್ಥೆ ಬೆಂಬಲಿಸುವುದೂ ಇಲ್ಲ. 2017ರಲ್ಲಿ ನಡೆದ ಸಂಗತಿಯನ್ನು ನೆನೆಯಬಹುದು. ಸಿಕ್ಲೀನರ್ ಎಂಬುದು ಜಗತ್ತಿನಲ್ಲೆಲ್ಲ ಹೆಸರಾಗಿದ್ದ ಶುದ್ಧೀಕರಣ ತಂತ್ರಾಂಶ. ಆಗಂತುಕರು ಅದರ ತಯಾರಕರ ಮನೆಯೊಳಕ್ಕೇ ನುಗ್ಗಿ, ಅಧಿಕೃತ ಆವೃತ್ತಿಯಲ್ಲಿಯೇ ತಮ್ಮ ವಿಷವನ್ನು ಬೆರೆಸಿಬಿಟ್ಟರು. ಆ ವರ್ಷದ ಸೆಪ್ಟೆಂಬರಿನಲ್ಲಿ ವಿಷಯ ಬಯಲಾಗುವ ಹೊತ್ತಿಗೆ ಸುಮಾರು 22 ಲಕ್ಷ 70 ಸಾವಿರ ಯಂತ್ರಗಳು ಅದನ್ನು ಬರಮಾಡಿಕೊಂಡಿದ್ದವು. ಶುದ್ಧಿಗೆಂದು ತಂದ ನೀರೇ ಮೈಲಿಗೆಯಾದರೆ ಯಾರನ್ನು ದೂರುವುದು?

ನಿಜವಾಗಿ ಬೇಕಾದ ಶುದ್ಧಿ ಕೈಯಿಂದಲೇ ಆಗುವಂಥದು. ಯಂತ್ರ ಏಳುತ್ತಿದ್ದಂತೆಯೇ ತಾವೂ ಏಳುವ ಹತ್ತಾರು ತಂತ್ರಾಂಶಗಳನ್ನು ಅದೇ ಟಾಸ್ಕ್ ಮ್ಯಾನೇಜರಿನ ‘ಸ್ಟಾರ್ಟಪ್’ ಪುಟದಲ್ಲಿ ತಡೆಯಬಹುದು. ಬಳಸದೆ ಬಿದ್ದಿರುವವನ್ನು ತೆಗೆದುಹಾಕಬಹುದು. ಕಿಟಕಿಗಳು ತೇಲುತ್ತ ಬರುವ ಆಟ, ಗಾಜಿನಂತೆ ಹೊಳೆಯುವ ಅಂಚು, ಇವನ್ನು ನಿಲ್ಲಿಸಿದರೆ ಸೊಗಸು ತುಸು ಕುಂದಿದರೂ ಯಂತ್ರದ ಉಸಿರು ಹಗುರವಾಗುತ್ತದೆ.

ಕಾವಲಿಲ್ಲದ ಕೋಟೆ

ವೇಗದ ಮಾತು ಇಷ್ಟಕ್ಕೆ ಸಾಕು. ನಿಧಾನವಾದ ಯಂತ್ರ ತಾಳ್ಮೆಯನ್ನು ಮಾತ್ರ ಕೆಡಿಸುತ್ತದೆ. ಕಾವಲಿಲ್ಲದ ಯಂತ್ರ ಮನೆಯನ್ನೇ ಕೆಡಿಸೀತು.

2017ರ ಮೇ 12ರಂದು ‘ವಾನಾಕ್ರೈ’ ಎಂಬ ಪಿಡುಗು ಹಬ್ಬಿದ್ದು ಹಲವರಿಗೆ ನೆನಪಿರಬಹುದು. ಯಂತ್ರದಿಂದ ಯಂತ್ರಕ್ಕೆ ತಾನೇ ಹರಿದು, ಕಡತಗಳಿಗೆಲ್ಲ ಬೀಗ ಹಾಕಿ, ಬಿಡಿಸಿಕೊಳ್ಳಲು 300 ಡಾಲರು ಬೆಲೆಯ ಬಿಟ್‌ಕಾಯಿನ್ ಕೇಳುತ್ತಿದ್ದ ಈ ಪಿಡುಗು ಕೆಲವೇ ದಿನಗಳಲ್ಲಿ ಸುಮಾರು 150 ದೇಶಗಳಲ್ಲಿ ಎರಡು ಲಕ್ಷಕ್ಕೂ ಮಿಕ್ಕ ಯಂತ್ರಗಳನ್ನು ಹಿಡಿಯಿತು. ಇಂಗ್ಲೆಂಡಿನ ಸರಕಾರಿ ಆಸ್ಪತ್ರೆಗಳು ಶಸ್ತ್ರಚಿಕಿತ್ಸೆಗಳನ್ನು ಮುಂದೂಡಿ, ಆಂಬುಲೆನ್ಸುಗಳನ್ನು ಬೇರೆಡೆಗೆ ತಿರುಗಿಸಬೇಕಾಯಿತು. ಆ ದೇಶದ ಯುವಕನೊಬ್ಬನು ಪಿಡುಗಿನ ಒಡಲಲ್ಲಿ ಅಡಗಿದ್ದ ಒಂದು ವಿಳಾಸವನ್ನು ಕಂಡುಹಿಡಿದು, ಅದನ್ನು ತನ್ನ ಹೆಸರಿಗೆ ನೋಂದಾಯಿಸಿದ್ದರಿಂದ ಹಾವಳಿ ಬಹುಮಟ್ಟಿಗೆ ತಣಿಯಿತು.

ಅಂದು ಕೆಟ್ಟವುಗಳೆಲ್ಲ ಕಾಲ ಮೀರಿದ ಎಕ್ಸ್.ಪಿ. ಯಂತ್ರಗಳೆಂದು ಇಂದಿಗೂ ಹೇಳುವವರುಂಟು. ಆದರೆ ಬಹುಪಾಲು ವಿಂಡೋಸ್ 7 ಯಂತ್ರಗಳು. ಅವಕ್ಕೆ ಬೇಕಾದ ತಿದ್ದುಪಡಿ ಎರಡು ತಿಂಗಳು ಮೊದಲೇ, ಮಾರ್ಚಿಯಲ್ಲಿಯೇ, ಬಿಡುಗಡೆಯಾಗಿತ್ತು, ಹಾಕಿಕೊಂಡಿರಲಿಲ್ಲ ಅಷ್ಟೆ. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತಾಯಿತು. ಇಂದು ವಿಂಡೋಸ್ 10 ಇಟ್ಟುಕೊಂಡವರ ಪಾಡು ಇದಕ್ಕಿಂತ ಒಂದು ಹೆಜ್ಜೆ ಮುಂದಿನದು: ಇವರಿಗೆ ಹಾಕಿಕೊಳ್ಳೋಣವೆಂದರೆ ಬಾಗಿಲು ಹಿಂದಿನಂತೆ ತಾನಾಗಿ ತೆರೆಯದು.

ಸಂಸ್ಥೆಯು 2026ರ ಅಕ್ಟೋಬರ್ 13ರವರೆಗೆ ಎಂದು ಒಂದು ವರ್ಷದ ಹೆಚ್ಚಿನ ರಕ್ಷಣೆಯನ್ನು ಮನೆಬಳಕೆಯವರಿಗೆ ಪ್ರಕಟಿಸಿತು. ಬೆಲೆ 30 ಡಾಲರು, ಯಂತ್ರದ ಸಜ್ಜಿಕೆಗಳನ್ನು ಸಂಸ್ಥೆಯ ಭಂಡಾರದಲ್ಲಿ ಉಳಿಸಿಡಲು ಒಪ್ಪಿದವರಿಗೆ ಉಚಿತ. ವಿಂಡೋಸ್‌ನೊಳಗಿನ ಡಿಫೆಂಡರಿನ ವೈರಸ್ ಪಟ್ಟಿ 2028ರ ಅಕ್ಟೋಬರ್ ತನಕ ಪರಿಷ್ಕಾರವಾಗುವುದೆಂದೂ ತಿಳಿಸಿತು. ಒಳ್ಳೆಯದೇ. ಆದರೆ ಕಳ್ಳರ ಚಹರೆಪಟ್ಟಿ ಕೈಯಲ್ಲಿದ್ದ ಮಾತ್ರಕ್ಕೆ ಮುರಿದ ಚಿಲಕ ರಿಪೇರಿಯಾಗುವುದಿಲ್ಲ. ನಿಬಂಧನೆಗಳನ್ನು ಮೋಸಗೊಳಿಸಿ ಹಳೆಯ ಯಂತ್ರಕ್ಕೆ ವಿಂಡೋಸ್ 11 ಹಾಕುವ ಯುಕ್ತಿಗಳೂ ಬಳಕೆಯಲ್ಲಿವೆ. ಅಂಥ ಯಂತ್ರಕ್ಕೆ ತಿದ್ದುಪಡಿಗಳು ಬಂದೇ ಬರುತ್ತವೆಂಬ ಭರವಸೆ ಸಂಸ್ಥೆಯಿಂದಿಲ್ಲ. ಬ್ಯಾಂಕಿನ ವ್ಯವಹಾರ ಮಾಡುವ ಯಂತ್ರದಲ್ಲಿ ಇಂಥ ಸಾಹಸ ಬೇಡವೆನ್ನುವುದೇ ವಿವೇಕ.

ಮತ್ತೊಂದು ದಾರಿ ಲಿನಕ್ಸ್. ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲಿನುಸ್ ಟೊರ್ವಾಲ್ಡ್ಸ್ 1991ರಲ್ಲಿ ತೊಡಗಿದ ಈ ಕೆಲಸ ಇಂದು ಜಗತ್ತಿನ ಅಸಂಖ್ಯ ಯಂತ್ರಗಳನ್ನು ನಡೆಸುತ್ತಿದೆ. ಇದರ ಬಗೆಗಳು ಹಲವು. ಹಳೆಯ ಯಂತ್ರಕ್ಕೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ, ಅದೂ ಭಾರವಾದರೆ ಲುಬುಂಟು, ಒಪ್ಪುತ್ತವೆ. ಕಾಸು ಖರ್ಚಿಲ್ಲ, ತಿದ್ದುಪಡಿಗಳು ಬರುತ್ತಲೇ ಇರುತ್ತವೆ. ಎಲ್ಲಕ್ಕಿಂತ ಮೇಲಾಗಿ, ಪೆನ್ ಡ್ರೈವಿಗೆ ಇಳಿಸಿಕೊಂಡು, ಒಳಗಿನ ಡಿಸ್ಕನ್ನು ಮುಟ್ಟದೆಯೇ ನಡೆಸಿ ನೋಡಬಹುದು. ವೈ-ಫೈ ಹಿಡಿಯಿತೆ, ಧ್ವನಿ ಬಂತೆ, ಪ್ರಿಂಟರು ಒಲಿಯಿತೆ ಎಂದು ಹೆಣ್ಣು ನೋಡಿ ಬಂದಂತೆ ನಿಧಾನವಾಗಿ ನೋಡಿಕೊಂಡು ಆಮೇಲೆ ನಿಶ್ಚಯಿಸಬಹುದು. ಆದರೆ ಟ್ಯಾಲಿಯಂಥ ವಿಂಡೋಸ್ ತಂತ್ರಾಂಶಗಳನ್ನು ದಿನವೂ ನೆಚ್ಚಿದವರಿಗೆ ಇದು ತೊಡಕು. ಅವರಿಗೆ ಹೊಸ ಯಂತ್ರವೇ ಸರಿಯೆಂದು ಒಪ್ಪಿಬಿಡುವುದು ಮೇಲು.

ತಂದೆಯ ಬರಹ ಅಳಿಯದಿರಲಿ

ಡಿಸ್ಕು ಬದಲಿಸುವ ಮೊದಲು, ಲಿನಕ್ಸ್ ಹಾಕುವ ಮೊದಲು, ಒಂದು ತಿರುಪನ್ನೂ ಸಡಿಲಿಸುವ ಮೊದಲು ಆಗಬೇಕಾದ ಕೆಲಸ ಪ್ರತಿ ತೆಗೆಯುವುದು. ಮದುವೆಯ ಚಿತ್ರಗಳು, ಜಮೀನಿನ ಕಾಗದಗಳ ನೆರಳಚ್ಚು, ಹಿರಿಯರೊಬ್ಬರ ಅಚ್ಚಾಗದ ಆತ್ಮಕಥೆ, ಎಲ್ಲವೂ ಆ ತಿರುಗುವ ತಟ್ಟೆಯ ಮೇಲೆಯೇ ಇವೆ. ಹಾರ್ಡ್ ಡಿಸ್ಕು ಸಾಯುವ ಮುನ್ನ ಅನೇಕ ವೇಳೆ ಟಕ ಟಕ ಸದ್ದು ಮಾಡಿ ಎಚ್ಚರಿಸುತ್ತದೆ; ಎಸ್.ಎಸ್.ಡಿ. ಆ ಸೌಜನ್ಯವನ್ನೂ ತೋರದೆ ಸಾಯಬಹುದು. ಎರಡು ಬೇರೆ ಬೇರೆ ಸಾಧನಗಳಲ್ಲಿ ಎರಡು ಪ್ರತಿ, ಒಂದು ಪ್ರತಿ ಬೇರೆ ಮನೆಯಲ್ಲಿ ಇರಬೇಕು. ಹೊರಗಿನ ಡ್ರೈವನ್ನು ಸದಾ ಯಂತ್ರಕ್ಕೆ ಸಿಕ್ಕಿಸಿಯೇ ಇಡಬಾರದು: ಬೀಗ ಹಾಕುವ ಪಿಡುಗು ಅದಕ್ಕೂ ಬೀಗ ಹಾಕುತ್ತದೆ.

ಕನ್ನಡದಲ್ಲಿ ಬರೆದಿಟ್ಟವರ ಮನೆಗಳಲ್ಲಿ ಇನ್ನೊಂದು ಅಪಾಯ ಹೊಂಚುಹಾಕಿದೆ. 1998ರಲ್ಲಿ ಬಂದ ಬರಹ, ಆಮೇಲೆ ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ, ಇವುಗಳ ಹಳೆಯ ಆವೃತ್ತಿಗಳಲ್ಲಿ ಬೆರಳಚ್ಚಾದ ಕಡತಗಳು ಯೂನಿಕೋಡಿನವಲ್ಲ. ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ವ್ಯವಸ್ಥೆ ಅದು. ಆ ಫಾಂಟು ಇರುವ ತನಕ ಅಚ್ಚ ಕನ್ನಡ. ಫಾಂಟು ಇಲ್ಲದ ಹೊಸ ಯಂತ್ರದಲ್ಲಿ ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಕಡತ ಕೆಟ್ಟಿತೆಂದು ಬಗೆದು ಮಕ್ಕಳು ಅಳಿಸಿಬಿಡುತ್ತಾರೆ. ಅಲ್ಲಿಗೆ ತಂದೆಯ ಹತ್ತು ವರ್ಷದ ಶ್ರಮ ಮಣ್ಣುಪಾಲು. ಕಡತ ಕೆಟ್ಟಿರುವುದಿಲ್ಲ, ಹಳೆಯ ಫಾಂಟನ್ನು ಮತ್ತೆ ಹಾಕಿದರೆ ಕನ್ನಡ ಮೈದೋರುತ್ತದೆ. ಆದ್ದರಿಂದ ಪ್ರತಿ ತೆಗೆಯುವಾಗ ಕಡತಗಳೊಡನೆ ಫಾಂಟುಗಳನ್ನೂ ಎತ್ತಿಡತಕ್ಕದ್ದು. ಬಿಡುವಿನಲ್ಲಿ ಪರಿವರ್ತಕ ತಂತ್ರಾಂಶದಿಂದ ಎಲ್ಲವನ್ನೂ ಯೂನಿಕೋಡಿಗೆ ತರಬೇಕು. ಒತ್ತಕ್ಷರಗಳೂ ಅರ್ಕಾವತ್ತುಗಳೂ ಕೆಲವೊಮ್ಮೆ ಜಾಗ ತಪ್ಪುವುದರಿಂದ ಮೂಲವನ್ನು ಅಳಿಸದೆ, ಪಕ್ಕದಲ್ಲಿಟ್ಟುಕೊಂಡು ತಿದ್ದಬೇಕು. ಬೇಸರದ ಕೆಲಸ, ನಿಜ. ಆದರೆ ಆ ಯಂತ್ರದಲ್ಲಿ ಹಣ ಕೊಟ್ಟರೂ ಮತ್ತೆ ಸಿಗದ ವಸ್ತು ಇದೊಂದೇ.

ಲಿನಕ್ಸ್ ಹಾಕಿದವರಿಗೆ ಕನ್ನಡದ ಚಿಂತೆ ಬೇಡ. ಇನ್‌ಸ್ಕ್ರಿಪ್ಟ್ ವಿನ್ಯಾಸವೂ, ಕೆ. ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿ ‘ಕಗಪ’ ಎಂದು ಹೆಸರಾದ ಕೀಲಿಮಣೆಯೂ ಅದರೊಳಗೇ ಉಂಟು. ನುಡಿಯಲ್ಲಿ ಪಳಗಿದ ಬೆರಳುಗಳಿಗೆ ಹೊಸ ಪಾಠ ಅಷ್ಟಾಗಿ ಬೇಕಾಗುವುದಿಲ್ಲ. ನವಿಲು, ಗುಬ್ಬಿ ಎಂಬ ಮುದ್ದಾದ ಹೆಸರಿನ ಕನ್ನಡ ಫಾಂಟುಗಳೂ ದೊರೆಯುತ್ತವೆ.

ಒಪ್ಪ ಓರಣ

ಯಂತ್ರವನ್ನು ತಮ್ಮದಾಗಿಸಿಕೊಳ್ಳುವುದೆಂದರೆ ಹಿನ್ನೆಲೆಯ ಚಿತ್ರ ಬದಲಿಸುವುದೆಂದೇ ಹಲವರ ಭಾವನೆ. ಎಕ್ಸ್.ಪಿ. ಯಂತ್ರಗಳ ಆ ಹಸುರು ಗುಡ್ಡ, ನೀಲಿ ಆಕಾಶದ ಚಿತ್ರವನ್ನು ಮರೆತವರಾರು? ಬರೆದ ಚಿತ್ರವೆಂದು ಎಷ್ಟೋ ಮಂದಿ ತಿಳಿದಿದ್ದ ಅದು, ಚಾರ್ಲ್ಸ್ ಓರಿಯರ್ ಎಂಬಾತ 1996ರಲ್ಲಿ ಕ್ಯಾಲಿಫೋರ್ನಿಯದ ಸೊನೋಮಾ ಪ್ರಾಂತದ ರಸ್ತೆ ಬದಿಯಲ್ಲಿ ತೆಗೆದ ನಿಜವಾದ ಛಾಯಾಚಿತ್ರ.

ಚಿತ್ರ ಇರಲಿ. ಅಜ್ಜನಿಗೆ ಕಾಣುವಂತೆ ಅಕ್ಷರದ ಗಾತ್ರವನ್ನು ನೂರಕ್ಕೆ ನೂರಿಪ್ಪತ್ತೈದು ಮಾಡುವುದು, ಬಾಣದ ಗುರುತನ್ನು ದಪ್ಪ ಮಾಡುವುದು, ದಿನವೂ ಬೇಕಾದ ನಾಲ್ಕೇ ಗುರುತುಗಳನ್ನು ಪರದೆಯ ಮೇಲೆ ಉಳಿಸಿ ಮಿಕ್ಕವನ್ನು ಗುಡಿಸಿಹಾಕುವುದು, ಇವುಗಳಿಂದ ಆಗುವ ಉಪಕಾರ ಹೆಚ್ಚು. ಮಕ್ಕಳಿಗೂ ಹಿರಿಯರಿಗೂ ಬೇರೆ ಬೇರೆ ಖಾತೆ ಇರಬೇಕು. ದಿನಬಳಕೆಯ ಖಾತೆಗೆ ಯಜಮಾನಿಕೆಯ ಅಧಿಕಾರ ಇರಬಾರದು. ಆಗ ಮೊಮ್ಮಗ ಎಲ್ಲಿಂದಲೋ ಇಳಿಸಿದ ಆಟ ಗುಪ್ತಪದ ಕೇಳಿ ಬಾಗಿಲಲ್ಲೇ ನಿಲ್ಲುತ್ತದೆ. ‘ಮೈಕ್ರೋಸಾಫ್ಟಿನಿಂದ ಕರೆಮಾಡುತ್ತಿದ್ದೇವೆ, ನಿಮ್ಮ ಯಂತ್ರದಲ್ಲಿ ವೈರಸ್ ಇದೆ’ ಎಂದು ದೂರವಾಣಿಯಲ್ಲಿ ಹೇಳುವವರ ವಿಷಯವನ್ನೂ ಅಜ್ಜನಿಗೆ ಅಂದೇ ತಿಳಿಸಿಡಬೇಕು. ಅಂಥ ಕರೆಯನ್ನು ಆ ಸಂಸ್ಥೆ ತಾನಾಗಿ ಮಾಡುವುದಿಲ್ಲ.

ಎಲ್ಲ ಯಂತ್ರವನ್ನೂ ಉಳಿಸಬೇಕೆಂದಲ್ಲ. ಮದರ್‌ಬೋರ್ಡು ಸುಟ್ಟದ್ದು, ಪ್ರೊಸೆಸರೇ 32 ಬಿಟ್ಟಿನದು, ಇಂಥವುಗಳ ಮೇಲೆ ಹಣ ಸುರಿಯುವುದು ವ್ಯರ್ಥ. ಅವನ್ನು ಬೀಳ್ಕೊಡುವಾಗಲೂ ರೀತಿಯೊಂದುಂಟು. ವಿಶ್ವಸಂಸ್ಥೆಯ ವರದಿಯ ಪ್ರಕಾರ 2022ರಲ್ಲಿ ಜಗತ್ತು ಬಿಸಾಡಿದ ವಿದ್ಯುನ್ಮಾನ ಕಸ 6 ಕೋಟಿ 20 ಲಕ್ಷ ಟನ್ನು. ಕ್ರಮವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದೆಂದು ದಾಖಲೆಯಿರುವುದು ನೂರಕ್ಕೆ 22.3 ಭಾಗ ಮಾತ್ರ. ಭಾರತದಲ್ಲಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳು ಈ ಕಸವನ್ನು ನೋಂದಾಯಿತ ಸಂಸ್ಕಾರಕರಿಗೆ ಒಪ್ಪಿಸಬೇಕೆನ್ನುತ್ತವೆ.

ಒಪ್ಪಿಸುವ ಮುನ್ನ ಡಿಸ್ಕನ್ನು ಕಳಚಿ ಇಟ್ಟುಕೊಳ್ಳಬೇಕು. ಅಳಿಸಿದ ಕಡತವು ಅಳಿದಂತೆ ಕಂಡರೂ ಬಲ್ಲವರ ಕೈಯಲ್ಲಿ ಮತ್ತೆ ಎದ್ದುಬರುತ್ತದೆ. ಎಸ್.ಎಸ್.ಡಿ.ಗೆ ಜಾಗ ಬಿಟ್ಟುಕೊಟ್ಟು ಹೊರಬಂದ ಹಾರ್ಡ್ ಡಿಸ್ಕು ಆರೋಗ್ಯವಾಗಿದ್ದರೆ ಅದನ್ನೂ ಎಸೆಯಬೇಕಾಗಿಲ್ಲ. ಯು.ಎಸ್.ಬಿ. ತಂತಿಯುಳ್ಳ ಒಂದು ಪುಟ್ಟ ಡಬ್ಬಿ ಪೇಟೆಯಲ್ಲಿ ಅಗ್ಗವಾಗಿ ಸಿಗುತ್ತದೆ. ಅದರಲ್ಲಿ ಕೂರಿಸಿ, ತಿಂಗಳಿಗೊಮ್ಮೆ ಯಂತ್ರಕ್ಕೆ ಸಿಕ್ಕಿಸಿ, ಪ್ರತಿ ತೆಗೆದು, ಮತ್ತೆ ಕಪಾಟಿನಲ್ಲಿಟ್ಟರೆ ಉಗ್ರಾಣದ ಹುಡುಗನಿಗೆ ಈಗ ಓಡುವ ಕೆಲಸವಿಲ್ಲ, ಕಾಯುವ ಕೆಲಸ.